ಎರಡು ಕನ್ನಡಕ ಬದಲಾಯಿಸಿದರೂ ಕಣ್ಣು ಮಂಜು: ಇದು ಇನ್ಸುಲಿನ್ ತಪ್ಪಾ?

ಪ್ರಶ್ನೆ: ನನಗೀಗ 52 ವರ್ಷ. ಎಂಟು ವರ್ಷದಿಂದ ಓದಲು ಮಾತ್ರ ಕನ್ನಡಕ ಹಾಕುತ್ತಿದ್ದೆ, ಪವರ್ ಪ್ಲಸ್ 1.75. ದೂರದ್ದೆಲ್ಲ ಚೆನ್ನಾಗಿಯೇ ಕಾಣುತ್ತಿತ್ತು. ಮೂರು ತಿಂಗಳ ಹಿಂದೆ ಇದ್ದಕ್ಕಿದ್ದಂತೆ ಕನ್ನಡಕ ಇಲ್ಲದೆಯೇ ಪೇಪರ್ ಓದಲು ಆಗತೊಡಗಿತು. ಕಣ್ಣು ಸುಧಾರಿಸಿದೆ ಎಂದು ಖುಷಿಪಟ್ಟೆ. ಆದರೆ ದೂರದ ಬೋರ್ಡು ಮಂಜಾಯಿತು. ಅಂಗಡಿಗೆ ಹೋಗಿ ದೂರಕ್ಕೆ ಮೈನಸ್ 1.50 ಕನ್ನಡಕ ಮಾಡಿಸಿದೆ. ಅದಾಗಿ ಸ್ವಲ್ಪ ದಿನಕ್ಕೆ ಬೇರೆ ಕಾರಣಕ್ಕೆ ರಕ್ತ ಪರೀಕ್ಷೆ ಮಾಡಿಸಿದಾಗ ಶುಗರ್ ಇರುವುದು ಗೊತ್ತಾಯಿತು. ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ 11.4 ಇತ್ತು. ಮಾತ್ರೆಯ ಜೊತೆ ಇನ್ಸುಲಿನ್ ಶುರು ಮಾಡಿದರು. ಎರಡೇ ವಾರದಲ್ಲಿ ಶುಗರ್ ಇಳಿಯಿತು, ಆದರೆ ದೂರವೂ ಮಂಜು, ಹತ್ತಿರವೂ ಮಂಜು. ಮತ್ತೆ ಅಂಗಡಿಗೆ ಹೋದೆ. ಈ ಸಲ ದೂರಕ್ಕೆ ಪ್ಲಸ್ 1.25, ಓದಲು ಪ್ಲಸ್ 3 ಕೊಟ್ಟರು. ಈಗ ಇನ್ಸುಲಿನ್ ಶುರುವಾಗಿ ಏಳು ವಾರ. ಆ ಕನ್ನಡಕವೂ ಹೊಂದುತ್ತಿಲ್ಲ. "ಇನ್ಸುಲಿನ್ ಹಾಕಿಕೊಂಡರೆ ಕಣ್ಣು ಹೋಗುತ್ತೆ, ನಿಲ್ಲಿಸು" ಎಂದು ಹತ್ತಿರದ ಸಂಬಂಧಿಕರೇ ಹೇಳುತ್ತಿದ್ದಾರೆ. ನಮ್ಮ ತಂದೆಗೂ ಶುಗರ್ ಇತ್ತು. ಕಣ್ಣಿಗೆ ಲೇಸರ್ ಮಾಡಿಸಿದ ಮೇಲೆಯೇ ಅವರ ದೃಷ್ಟಿ ಪೂರ್ತಿ ಹೋಯಿತು. ಅಂಗಡಿಯಲ್ಲಿ ಕಂಪ್ಯೂಟರ್ ಪರೀಕ್ಷೆ ಮಾಡಿ ಕಣ್ಣು ಚೆನ್ನಾಗಿದೆ ಎಂದಿದ್ದಾರೆ. ಇನ್ಸುಲಿನ್ ನಿಲ್ಲಿಸಲಾ? ಮೂರನೇ ಕನ್ನಡಕ ಮಾಡಿಸಲಾ? ಗಾಡಿ ಓಡಿಸಬಹುದಾ?

ಉತ್ತರ: ಮೊದಲು ಇಷ್ಟು ಹೇಳಿಬಿಡುತ್ತೇನೆ. ಇನ್ಸುಲಿನ್ ನಿಲ್ಲಿಸಬೇಡಿ. ಮೂರನೇ ಕನ್ನಡಕ ಈಗಲೇ ಬೇಡ. ಆದರೆ ಕಣ್ಣಿನ ಒಳಭಾಗದ ಪರೀಕ್ಷೆಯನ್ನು, ಅಂದರೆ ಹನಿ ಹಾಕಿ ಪಾಪೆ ಅಗಲಿಸಿ ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾ ನೋಡುವ ಪರೀಕ್ಷೆಯನ್ನು, ಈ ವಾರವೇ ಮಾಡಿಸಿ.

ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಒಂದಕ್ಕೊಂದು ಸುತ್ತಿಕೊಂಡಿವೆ. ಒಂದು, ನಿಮಗೆ ಗೊತ್ತಾಗುತ್ತಿರುವ ಮಂಜು. ಇನ್ನೊಂದು, ಇದ್ದರೂ ನಿಮಗೆ ಗೊತ್ತಾಗದ ರೆಟಿನಾ ತೊಂದರೆ. ನೀವು ಹೆದರಿರುವುದು ಮೊದಲನೆಯದಕ್ಕೆ. ನನಗೆ ಚಿಂತೆ ಇರುವುದು ಎರಡನೆಯದರ ಬಗ್ಗೆ.

ಮಂಜು ಎಲ್ಲಿಂದ ಬಂತು

ನೀವು ಮೂರೂ ಕನ್ನಡಕದ ಪವರ್ ಬರೆದು ಕಳಿಸಿದ್ದು ತುಂಬಾ ಒಳ್ಳೆಯದಾಯಿತು. ಆ ಮೂರು ಅಂಕಿ ನೋಡಿದರೆ ಅರ್ಧ ಕಥೆ ಅಲ್ಲೇ ಇದೆ.

ನಮ್ಮ ಕಣ್ಣಿನೊಳಗೆ ಪಾಪೆಯ ಹಿಂದೆ ಒಂದು ಸಣ್ಣ ಲೆನ್ಸ್ ಇದೆ. ಅದಕ್ಕೆ ರಕ್ತನಾಳಗಳಿಲ್ಲ. ಸುತ್ತಲಿನ ದ್ರವದಿಂದಲೇ ತನಗೆ ಬೇಕಾದ ಸಕ್ಕರೆಯನ್ನು ಹೀರಿಕೊಳ್ಳುತ್ತದೆ. ರಕ್ತದಲ್ಲಿ ಸಕ್ಕರೆ ಏರಿದರೆ ಆ ದ್ರವದಲ್ಲೂ ಏರುತ್ತದೆ, ಲೆನ್ಸ್ ಒಳಗೂ ಏರುತ್ತದೆ. ಹೀಗೆ ಹೆಚ್ಚಾದ ಸಕ್ಕರೆಯಲ್ಲಿ ಒಂದಷ್ಟು ಪಾಲು ಲೆನ್ಸ್ ಒಳಗೆ ಸಾರ್ಬಿಟಾಲ್ ಎಂಬ ಇನ್ನೊಂದು ರೂಪಕ್ಕೆ ತಿರುಗುತ್ತದೆ. ಒಳಗೆ ಹುಟ್ಟಿದ ಸಾರ್ಬಿಟಾಲ್ ಸುಲಭಕ್ಕೆ ಹೊರಗೆ ಬರುವುದಿಲ್ಲ. ಅಲ್ಲೇ ಕೂತು ನೀರು ಎಳೆದುಕೊಳ್ಳುತ್ತದೆ. ನೀರಿನ ಲೆಕ್ಕ ತಪ್ಪಿದ ಲೆನ್ಸ್‌ನ ಆಕಾರವೂ ಬೆಳಕನ್ನು ಬಾಗಿಸುವ ಶಕ್ತಿಯೂ ಬದಲಾಗುತ್ತದೆ.

ಶುಗರ್ ಬಹಳ ದಿನ ಏರಿಕೊಂಡೇ ಇದ್ದಾಗ ಸಾಮಾನ್ಯವಾಗಿ ಕಣ್ಣು ಮೈನಸ್ ಕಡೆಗೆ ವಾಲುತ್ತದೆ. ದೂರ ಮಂಜು, ಹತ್ತಿರ ಸ್ಪಷ್ಟ. ನಿಮ್ಮ ಓದುವ ಕನ್ನಡಕ ಬಿಟ್ಟುಹೋಗಿದ್ದು ಅದಕ್ಕೇ. ಪ್ಲಸ್ 1.75 ಬೇಕಿದ್ದ ಕಣ್ಣಿಗೆ ಮೈನಸ್ 1.50 ಸೇರಿತು, ಹೆಚ್ಚೂಕಡಿಮೆ ಸೊನ್ನೆಗೆ ಬಂತು, ಪೇಪರ್ ಓದಲು ಆಯಿತು. ಕಣ್ಣು ಸುಧಾರಿಸಿರಲಿಲ್ಲ, ಲೆನ್ಸ್ ನೀರು ಕುಡಿದಿತ್ತು. ನಲವತ್ತೈದು ದಾಟಿದವರು ಯಾರಾದರೂ "ಓದುವ ಕನ್ನಡಕ ತಾನಾಗಿಯೇ ಬಿಟ್ಟುಹೋಯಿತು ಡಾಕ್ಟ್ರೇ" ಎಂದು ನಗುತ್ತಾ ಬಂದರೆ ನಾನು ಮೊದಲು ಕೇಳುವುದು ಶುಗರ್ ಪರೀಕ್ಷೆ ಮಾಡಿಸಿದ್ದೀರಾ ಅಂತ. ಒಮ್ಮೊಮ್ಮೆ ಕಾರಣ ಪೊರೆಯ ಆರಂಭವಾಗಿರುತ್ತದೆ, ಒಮ್ಮೊಮ್ಮೆ ಶುಗರ್. ಕಣ್ಣು ವಾಪಸ್ ಯುವಕನದ್ದಾಗಿರುವುದನ್ನು ಮಾತ್ರ ನಾನಂತೂ ನೋಡಿಲ್ಲ.

ಆಮೇಲೆ ಇನ್ಸುಲಿನ್ ಬಂತು. ರಕ್ತದಲ್ಲಿ ಸಕ್ಕರೆ ಬೇಗ ಇಳಿಯಿತು. ಆದರೆ ಲೆನ್ಸ್ ಅಷ್ಟು ಬೇಗ ಹೊಂದಿಕೊಳ್ಳುವುದಿಲ್ಲ. ಹೊರಗೆ ಸಕ್ಕರೆ ಕಡಿಮೆ, ಒಳಗೆ ಇನ್ನೂ ಜಾಸ್ತಿ. ಈ ಎಳೆದಾಟದಲ್ಲಿ ಪವರ್ ಈಗ ಪ್ಲಸ್ ಕಡೆಗೆ ಜಿಗಿಯುತ್ತದೆ. ಶುಗರ್ ಎಷ್ಟು ಮೇಲಿಂದ, ಎಷ್ಟು ಬೇಗ ಇಳಿಯಿತೋ ಈ ಜಿಗಿತವೂ ಅಷ್ಟು ದೊಡ್ಡದಾಗಿರುತ್ತದೆ. ಚಿಕಿತ್ಸೆ ಶುರುವಾದ ಒಂದೆರಡು ವಾರದಲ್ಲಿ ಇದು ತುದಿ ಮುಟ್ಟುತ್ತದೆ. ಸರಿಯಾಗಿ ಅದೇ ಹೊತ್ತಿಗೆ ನೀವು ಅಂಗಡಿಗೆ ಹೋಗಿದ್ದೀರಿ! ಅವರು ಅಳೆದ ಪವರ್ ಅವತ್ತಿನ ಮಟ್ಟಿಗೆ ಸರಿಯಾಗಿಯೇ ಇತ್ತು. ಮುಂದಿನ ವಾರದ ಕಣ್ಣಿಗೆ ಅದು ಹೊಂದಲಿಲ್ಲ, ಅಷ್ಟೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ಏರಿಳಿಯುತ್ತಿದ್ದದ್ದು ಶುಗರ್, ಬದಲಾಗಿದ್ದು ಕನ್ನಡಕ.

ಅಲ್ಲಿಂದ ಮುಂದೆ ಪವರ್ ನಿಧಾನವಾಗಿ ಹಳೆಯ ಜಾಗಕ್ಕೆ ಬರುತ್ತದೆ. ಹೆಚ್ಚಿನವರಲ್ಲಿ ನಾಲ್ಕರಿಂದ ಎಂಟು ವಾರ, ಕೆಲವರಲ್ಲಿ ಇನ್ನೂ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ನಿಮ್ಮ ಎರಡನೇ ಕನ್ನಡಕ ಈಗ ಹೊಂದದೆ ಇರುವುದು ಬಹುಶಃ ಒಳ್ಳೆಯ ಸುದ್ದಿಯೇ. ಒಂದು ಸಣ್ಣ ಪ್ರಯೋಗ ಮಾಡಿ. ಹಳೆಯ, ಎಂಟು ವರ್ಷದ ಆ ಓದುವ ಕನ್ನಡಕ ಹುಡುಕಿ ಹಾಕಿಕೊಂಡು ನೋಡಿ. ಅದರಲ್ಲಿ ಅಕ್ಷರ ಮೊದಲಿಗಿಂತ ಚೆನ್ನಾಗಿ ಕಾಣುತ್ತಿದ್ದರೆ ಲೆನ್ಸ್ ಮನೆಗೆ ಮರಳುತ್ತಿದೆ ಎಂದು ಅರ್ಥ.

ಇನ್ನೊಂದು ಉಪಾಯ ಹೇಳುತ್ತೇನೆ. ದಪ್ಪ ರಟ್ಟಿನ ತುಂಡಿಗೆ ಸೂಜಿಯಿಂದ ಒಂದು ಸಣ್ಣ ತೂತು ಮಾಡಿ. ಒಂದು ಕಣ್ಣು ಮುಚ್ಚಿಕೊಂಡು, ಇನ್ನೊಂದರಿಂದ ಆ ತೂತಿನ ಮೂಲಕ ದೂರದ ಅಕ್ಷರ ನೋಡಿ. ಮಂಜು ಸುಮಾರಾಗಿ ಸರಿದರೆ ಅದು ಪವರ್ ತೊಂದರೆ. ತೂತಿನಲ್ಲೂ ಹಾಗೇ ಮಂಜಾಗಿದ್ದರೆ ತೊಂದರೆ ಬೇರೆ ಕಡೆ ಇರಬಹುದು. ನಾವೂ ಆಸ್ಪತ್ರೆಯಲ್ಲಿ ಮಾಡುವುದು ಇದನ್ನೇ, ಸ್ವಲ್ಪ ನಾಜೂಕಾದ ಸಲಕರಣೆಯಲ್ಲಿ. ಎರಡೂ ಕಣ್ಣು ಒಟ್ಟಿಗೆ, ಒಂದೇ ರೀತಿ ಮಂಜಾಗುವುದೂ ಲೆನ್ಸ್ ಕಡೆಗೇ ಬೆರಳು ತೋರಿಸುತ್ತದೆ. ಒಂದೇ ಕಣ್ಣು ಮಂಜಾದರೆ ಮಾತ್ರ ಕಾಯಬೇಡಿ. ಈ ಪ್ರಯೋಗ ಸಮಾಧಾನಕ್ಕೆ ಮಾತ್ರ. ತೂತಿನಲ್ಲಿ ಚೆನ್ನಾಗಿ ಕಂಡಿತು ಅಂತ ರೆಟಿನಾ ಪರೀಕ್ಷೆ ತಪ್ಪಿಸುವ ಹಾಗಿಲ್ಲ.

ಇನ್ಸುಲಿನ್ ಮೇಲಿನ ಆರೋಪ

ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಅನ್ನುತ್ತಾರಲ್ಲ, ಇನ್ಸುಲಿನ್‌ಗೆ ಬಂದಿರುವ ಕೆಟ್ಟ ಹೆಸರು ಬಹುಪಾಲು ಹಾಗೇ ಬಂದದ್ದು. ಟೈಪ್ 2 ಡಯಾಬಿಟಿಸ್‌ನಲ್ಲಿ, ಅಂದರೆ ದೊಡ್ಡವರಲ್ಲಿ ಸಾಮಾನ್ಯವಾಗಿ ಕಾಣುವ ಶುಗರ್‌ನಲ್ಲಿ, ಹೆಚ್ಚಿನವರು ಇನ್ಸುಲಿನ್‌ಗೆ ಬರುವುದು ಹತ್ತು ಹದಿನೈದು ವರ್ಷ ಮಾತ್ರೆ ನುಂಗಿ, ಅದು ಸಾಲದೆ ಹೋದ ಮೇಲೆ. ಅಷ್ಟರಲ್ಲಿ ಕಣ್ಣು, ಕಿಡ್ನಿ, ಕಾಲಿನ ನರ ಎಲ್ಲದಕ್ಕೂ ಪೆಟ್ಟು ಬಿದ್ದಿರುತ್ತದೆ. ಆರು ತಿಂಗಳ ನಂತರ ಕಣ್ಣು ಹೋದರೆ ನೆನಪಾಗುವುದು ಕೊನೆಗೆ ಬಂದ ಇನ್ಸುಲಿನ್. ಹದಿನೈದು ವರ್ಷದ ಶುಗರ್ ಯಾರಿಗೂ ನೆನಪಾಗುವುದಿಲ್ಲ.

ಆದರೂ ನಿಮ್ಮ ಸಂಬಂಧಿಕರ ಮಾತನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ಅದರಲ್ಲಿ ಸಾಸಿವೆಯಷ್ಟು ನಿಜ ಇದೆ, ಅದನ್ನು ಮುಚ್ಚಿಟ್ಟರೆ ನೀವು ನನ್ನನ್ನು ನಂಬುವುದು ಹೇಗೆ? ರೆಟಿನಾದಲ್ಲಿ ಆಗಲೇ ತೊಂದರೆ ಇರುವವರಲ್ಲಿ, ಬಹಳ ಏರಿದ್ದ ಶುಗರ್ ಸರಸರನೆ ಇಳಿದಾಗ, ಮೊದಲ ಆರರಿಂದ ಹನ್ನೆರಡು ತಿಂಗಳಲ್ಲಿ ಆ ತೊಂದರೆ ಸ್ವಲ್ಪ ಹೆಚ್ಚಾಗಬಹುದು. ಇದು ಇನ್ಸುಲಿನ್ ಒಂದರದ್ದೇ ಗುಣವಲ್ಲ. ಹೊಸ ವಾರಕ್ಕೊಮ್ಮೆಯ ಇಂಜೆಕ್ಷನ್‌ಗಳಲ್ಲಿ ಒಂದಾದ ಸೆಮಾಗ್ಲುಟೈಡ್ ಜೊತೆಗೂ ಇದು ಕಂಡಿದೆ.

ಟೈಪ್ 1, ಅಂದರೆ ಮೈಯಲ್ಲಿ ಇನ್ಸುಲಿನ್ ತಯಾರಾಗುವುದೇ ನಿಂತುಹೋಗುವ ಬಗೆಯ ಡಯಾಬಿಟಿಸ್ ಇರುವ 1,441 ಜನರ ಮೇಲೆ ಅಮೆರಿಕ ಮತ್ತು ಕೆನಡಾದಲ್ಲಿ ನಡೆದ, 1993ರಲ್ಲಿ ಪ್ರಕಟವಾದ ಡಿಸಿಸಿಟಿ ಅಧ್ಯಯನದಲ್ಲಿ ಇದರ ಲೆಕ್ಕ ಸಿಗುತ್ತದೆ. ಶುಗರ್ ಬಿಗಿಯಾಗಿ ಹಿಡಿದವರಲ್ಲಿ ಸುಮಾರು 13 ಶೇಕಡಾ ಜನರ ಕಣ್ಣು ಮೊದಲ ವರ್ಷದಲ್ಲಿ ಸ್ವಲ್ಪ ಕೆಟ್ಟಿತು. ಸಡಿಲವಾಗಿ ಹಿಡಿದವರಲ್ಲಿ ಅದು ಸುಮಾರು 8. ಇಲ್ಲಿಗೇ ನಿಲ್ಲಿಸಿದರೆ ನಿಮ್ಮ ಸಂಬಂಧಿಕರು ಗೆದ್ದರು. ಆದರೆ ಅದೇ ಅಧ್ಯಯನ ಅವರನ್ನು ಸರಾಸರಿ ಆರೂವರೆ ವರ್ಷ ಗಮನಿಸಿತು. ಶುರುವಿನಲ್ಲಿ ರೆಟಿನಾ ಚೆನ್ನಾಗಿದ್ದವರಲ್ಲಿ, ಬಿಗಿ ಚಿಕಿತ್ಸೆಯಿಂದ ಹೊಸದಾಗಿ ತೊಂದರೆ ಬರುವ ಅಪಾಯ 76 ಶೇಕಡಾ ತಗ್ಗಿತು. ಆಗಲೇ ತೊಂದರೆ ಇದ್ದವರಲ್ಲಿ ಅದು ಮುಂದುವರಿಯುವುದು 54 ಶೇಕಡಾ ತಗ್ಗಿತು. ಮೊದಲ ವರ್ಷ ಹಿನ್ನಡೆ ಕಂಡವರೂ ಕೊನೆಗೆ ಸಡಿಲ ಚಿಕಿತ್ಸೆಯವರಿಗಿಂತ ಹಿಂದೆ ಬೀಳಲಿಲ್ಲ.

ಅದಕ್ಕೇ ಇನ್ಸುಲಿನ್ ಬಿಡಿ ಅಂತ ಯಾವ ಕಣ್ಣಿನ ಡಾಕ್ಟರೂ ಹೇಳುವುದಿಲ್ಲ. ಶುಗರ್ ಇಳಿಸುವ ಈ ದಿನಗಳಲ್ಲಿ ರೆಟಿನಾ ಮೇಲೆ ಒಂದು ಕಣ್ಣಿಟ್ಟಿರಿ ಅನ್ನುತ್ತೇವೆ. ನಿಮ್ಮ ಎಚ್‌ಬಿಎ1ಸಿ 11.4ರಿಂದ ಬೇಗ ಇಳಿಯುತ್ತಿದೆ. ಆದರೂ ಯಾರೂ ಇನ್ನೂ ರೆಟಿನಾ ನೋಡಿಯೇ ಇಲ್ಲ. ನನ್ನ ಅವಸರ ಇದಕ್ಕೇ. ಮಾತ್ರೆಗಳ ಪಟ್ಟಿಯಲ್ಲಿ ಪಯೋಗ್ಲಿಟಜೋನ್ ಇದೆಯಾ ಎಂದೂ ನೋಡಿ. ಅದು ಮೈಯಲ್ಲಿ ನೀರು ನಿಲ್ಲಿಸುವ ಔಷಧಿ, ರೆಟಿನಾದ ಊತವಿದ್ದರೆ ಅದನ್ನು ಹೆಚ್ಚಿಸಬಹುದು. ನೀವಾಗಿಯೇ ನಿಲ್ಲಿಸಬೇಡಿ, ಕಣ್ಣಿನ ಡಾಕ್ಟರಿಗೂ ಶುಗರ್ ಡಾಕ್ಟರಿಗೂ ತಿಳಿಸಿ.

ಗೋಡೆಯೊಳಗಿನ ಪೈಪು

ಈಗ ಎರಡನೇ ಸಂಗತಿ. ರೆಟಿನಾ ಅಂದರೆ ಕಣ್ಣಿನ ಹಿಂದಿನ ಗೋಡೆಗೆ ಅಂಟಿಕೊಂಡಿರುವ ತೆಳು ಪರದೆ. ಚಿತ್ರ ಮೂಡುವುದು ಅಲ್ಲೇ. ಅದರಲ್ಲಿ ಕೂದಲಿಗಿಂತ ಸಣ್ಣ ರಕ್ತನಾಳಗಳ ಬಲೆ ಇದೆ. ವರ್ಷಗಟ್ಟಲೆ ಸಕ್ಕರೆ ಜಾಸ್ತಿ ಇದ್ದರೆ ಆ ನಾಳಗಳ ಗೋಡೆಗೆ ಆಸರೆಯಾಗಿರುವ ಜೀವಕೋಶಗಳು ಸಾಯುತ್ತವೆ. ಗೋಡೆ ಅಲ್ಲಲ್ಲಿ ಗುಳ್ಳೆಯಂತೆ ಉಬ್ಬುತ್ತದೆ. ಗುಳ್ಳೆಯಿಂದ ರಕ್ತ, ನೀರು, ಕೊಬ್ಬಿನ ಅಂಶ ಜಿನುಗುತ್ತದೆ. ಈ ಜಿನುಗು ರೆಟಿನಾದ ನಟ್ಟನಡುವೆ, ಅಂದರೆ ಅಕ್ಷರ ಓದುವ, ಮುಖ ಗುರುತಿಸುವ ಮ್ಯಾಕುಲಾ ಎಂಬ ಪುಟ್ಟ ಜಾಗದಲ್ಲಿ ನಿಂತರೆ ಆಗ ದೃಷ್ಟಿ ಮಂಜಾಗುತ್ತದೆ. ಗೆರೆಗಳು ಬಾಗಿದಂತೆ ಕಾಣಬಹುದು.

ಇನ್ನು ಕೆಲವು ನಾಳಗಳು ಮುಚ್ಚಿಯೇ ಹೋಗುತ್ತವೆ. ರಕ್ತ ಸಿಗದ ರೆಟಿನಾ ಸುಮ್ನೆ ಕೂರುವುದಿಲ್ಲ. ವಿಇಜಿಎಫ್ ಎಂಬ ರಾಸಾಯನಿಕ ಸುರಿಸಿ ಹೊಸ ನಾಳ ಬೆಳೆಸು ಎಂದು ಕೂಗುತ್ತದೆ. ಹೊಸ ನಾಳಗಳು ಬೆಳೆಯುತ್ತವೆ ಸರಿ, ಆದರೆ ಅವು ಕಳಪೆ ಕಾಮಗಾರಿ. ಮುಟ್ಟಿದರೆ ಒಡೆಯುವಂಥವು. ಒಂದು ದಿನ ಒಡೆದು ಕಣ್ಣಿನೊಳಗೆ ರಕ್ತ ತುಂಬುತ್ತದೆ. ಅಥವಾ ಅವುಗಳ ಜೊತೆ ಬೆಳೆದ ಗಾಯದ ಪೊರೆ ಕುಗ್ಗಿ ರೆಟಿನಾವನ್ನೇ ಗೋಡೆಯಿಂದ ಕಿತ್ತು ಎಳೆಯುತ್ತದೆ. ಇದಿಷ್ಟನ್ನೂ ಸೇರಿಸಿ ಡಯಾಬಿಟಿಕ್ ರೆಟಿನೋಪತಿ ಅನ್ನುತ್ತೇವೆ.

ಇದರಲ್ಲಿ ಅತಿ ಮೋಸದ ಸಂಗತಿ ಯಾವುದು ಗೊತ್ತಾ? ರಕ್ತ ಒಡೆಯುವ ಹಿಂದಿನ ದಿನದವರೆಗೂ ಮನುಷ್ಯ ಗೋಡೆಯ ಮೇಲಿನ ಕೊನೆಯ ಸಾಲಿನ ಅಕ್ಷರ ಓದಬಲ್ಲ. ಮ್ಯಾಕುಲಾ ಒಂದು ಉಳಿದಿದ್ದರೆ ಸಾಕು, ಸುತ್ತಲೆಲ್ಲ ಹೊಸ ನಾಳ ಬೆಳೆದಿದ್ದರೂ ದೃಷ್ಟಿ 6/6 ಇರುತ್ತದೆ. "ನನಗೆ ಚೆನ್ನಾಗಿ ಕಾಣುತ್ತೆ, ಪರೀಕ್ಷೆ ಯಾಕೆ" ಎಂದು ಜಗಳವಾಡಿದವರ ಕಣ್ಣಿನಲ್ಲೇ ನಾನು ಅತಿ ಕೆಟ್ಟ ರೆಟಿನಾ ನೋಡಿದ್ದೇನೆ. ಅದು ಅವರ ತಪ್ಪಲ್ಲ. ನೋವಿಲ್ಲ, ಕೆಂಪಿಲ್ಲ, ಮಂಜಿಲ್ಲ. ಯಾರಾದರೂ ಯಾಕೆ ಹೆದರಬೇಕು?

ಅಂಗಡಿಯ ಕಂಪ್ಯೂಟರ್ ಬಗ್ಗೆ ಹೇಳಿದಿರಿ. ಆ ಯಂತ್ರ ಅಳೆಯುವುದು ಪವರ್ ಮಾತ್ರ. ರೆಟಿನಾದ ನಾಳಗಳನ್ನು ಅದು ನೋಡುವುದಿಲ್ಲ. ಕಿಟಕಿಯ ಗಾಜು ನೋಡಿ ಗೋಡೆಯೊಳಗಿನ ಪೈಪು ಸೋರುತ್ತಿಲ್ಲ ಎಂದು ಹೇಳಿದ ಹಾಗೆ ಅದು. ಅಂಗಡಿಯವರು ಸುಳ್ಳು ಹೇಳಿಲ್ಲ, ಅವರು ನೋಡಿದ್ದು ಗಾಜು.

ಶುಗರ್ ಈಗ ತಾನೇ ಗೊತ್ತಾಗಿದೆ, ಇಷ್ಟು ಬೇಗ ರೆಟಿನಾ ಕೆಡುತ್ತದಾ ಎಂದು ನೀವು ಕೇಳಬಹುದು. ಗೊತ್ತಾಗಿದ್ದು ಈಗ, ಬಂದದ್ದು ಯಾವಾಗಲೋ. ಟೈಪ್ 2 ಎಷ್ಟೋ ವರ್ಷ ಸದ್ದಿಲ್ಲದೆ ಇರುತ್ತದೆ. ಬ್ರಿಟನ್ನಿನ ಯುಕೆಪಿಡಿಎಸ್ ಎಂಬ ದೊಡ್ಡ ಅಧ್ಯಯನಕ್ಕೆ ಸೇರಿದವರಲ್ಲಿ, ಡಯಾಬಿಟಿಸ್ ಪತ್ತೆಯಾದ ಹೊತ್ತಿಗೇ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಜನರ ರೆಟಿನಾದಲ್ಲಿ ಗುರುತು ಕಂಡಿತ್ತು. ಅದಕ್ಕೇ ಟೈಪ್ 2 ಎಂದು ಗೊತ್ತಾದ ಕೂಡಲೇ ಮೊದಲ ರೆಟಿನಾ ಪರೀಕ್ಷೆ, ಆಮೇಲೆ ವರ್ಷಕ್ಕೊಮ್ಮೆ ಅನ್ನುವುದು ನಿಯಮ. ಟೈಪ್ 1ರಲ್ಲಿ ಐದು ವರ್ಷದೊಳಗೆ ಮೊದಲ ಪರೀಕ್ಷೆ. ಮೊದಲೇ ಡಯಾಬಿಟಿಸ್ ಇರುವ ಹೆಣ್ಣುಮಕ್ಕಳು ಬಸಿರಾದರೆ ಮೊದಲ ಮೂರು ತಿಂಗಳಲ್ಲೇ ನೋಡಿಸಬೇಕು, ಯಾಕೆಂದರೆ ಆ ಒಂಬತ್ತು ತಿಂಗಳಲ್ಲಿ ರೆಟಿನೋಪತಿ ಬೇಗ ಏರಬಹುದು.

ಪರೀಕ್ಷೆಯಲ್ಲಿ ಏನು ಮಾಡುತ್ತಾರೆ? ಹನಿ ಹಾಕುತ್ತಾರೆ, ಸ್ವಲ್ಪ ಉರಿ. ಅರ್ಧ ಗಂಟೆಯಲ್ಲಿ ಪಾಪೆ ಅಗಲವಾಗುತ್ತದೆ. ಜೋರು ಬೆಳಕು ಬಿಟ್ಟು ನೋಡುತ್ತಾರೆ, ಫೋಟೋ ತೆಗೆಯುತ್ತಾರೆ. ಓಸಿಟಿ ಎಂಬ ಸ್ಕ್ಯಾನ್‌ನಲ್ಲಿ ಮ್ಯಾಕುಲಾದ ಪದರಗಳು ಕತ್ತರಿಸಿಟ್ಟ ಹಾಗೆ ಕಾಣುತ್ತವೆ, ಊತ ಇದ್ದರೆ ತಕ್ಷಣ ಗೊತ್ತಾಗುತ್ತದೆ. ನೋವಿಲ್ಲ, ಸೂಜಿಯೂ ಇಲ್ಲ. ಅಗತ್ಯ ಬಿದ್ದರೆ ಮಾತ್ರ ಕೈಗೆ ಬಣ್ಣದ ಇಂಜೆಕ್ಷನ್ ಕೊಟ್ಟು ನಾಳಗಳ ಫೋಟೋ ತೆಗೆಯುತ್ತಾರೆ. ಅದಾದ ಒಂದು ದಿನ ಮೂತ್ರ ಹಳದಿ ಕಿತ್ತಳೆ ಬಣ್ಣ ಬಂದರೆ ಗಾಬರಿ ಬೇಡ. ಹತ್ತಿರದಲ್ಲಿ ರೆಟಿನಾ ತಜ್ಞರಿಲ್ಲದ ಕಡೆ ಈಗ ಫೋಟೋ ತೆಗೆದು ಕಂಪ್ಯೂಟರ್ ಬುದ್ಧಿಯಿಂದಲೇ ಓದಿಸುವ ವ್ಯವಸ್ಥೆಯೂ ಬಂದಿದೆ. ಅಮೆರಿಕದಲ್ಲಿ ಅಂಥ ಮೊದಲ ಸಾಫ್ಟ್‌ವೇರ್‌ಗೆ 2018ರಲ್ಲಿ ಅನುಮತಿ ಸಿಕ್ಕಿತು. ಜರಡಿ ಹಿಡಿಯಲು ಅದು ಪರವಾಗಿಲ್ಲ. ನಿಮ್ಮಂತೆ ಆಗಲೇ ದೃಷ್ಟಿಯ ತೊಂದರೆ ಇರುವವರು ಮಾತ್ರ ಡಾಕ್ಟರ ಮುಂದೆಯೇ ಕೂರಬೇಕು.

ತಂದೆಯವರ ಲೇಸರ್

ಈ ಮಾತು ಬರೆಯುವಾಗ ನಿಮಗೆ ಎಷ್ಟು ಸಂಕಟವಾಗಿರಬೇಕು. ಲೇಸರ್ ಮಾಡಿಸಿ ಕಣ್ಣು ಹೋಯಿತು ಎಂಬ ಮಾತನ್ನು ನಾನು ವೃತ್ತಿಯ ಉದ್ದಕ್ಕೂ ಕೇಳಿದ್ದೇನೆ, ಅದರಿಂದ ಹೆದರಿ ಚಿಕಿತ್ಸೆ ತಪ್ಪಿಸಿಕೊಂಡವರನ್ನೂ ನೋಡಿದ್ದೇನೆ. ನಿಮ್ಮ ತಂದೆಯವರ ಕಾಗದಪತ್ರ ನೋಡದೆ ಅವರ ಬಗ್ಗೆ ನಾನು ತೀರ್ಪು ಕೊಡಲಾರೆ. ಸಾಮಾನ್ಯವಾಗಿ ನಡೆಯುವುದನ್ನು ಹೇಳಬಲ್ಲೆ.

ಲೇಸರ್ ಮಾಡುವುದು ರಕ್ತ ಸಿಗದೆ ಕೂಗುತ್ತಿರುವ ಅಂಚಿನ ರೆಟಿನಾವನ್ನು ಸಣ್ಣ ಸಣ್ಣ ಚುಕ್ಕೆಗಳಾಗಿ ಸುಡುವುದು. ಕೂಗುವವರು ಕಡಿಮೆಯಾದರೆ ವಿಇಜಿಎಫ್ ಕಡಿಮೆ, ಹೊಸ ನಾಳಗಳು ಒಣಗುತ್ತವೆ. ಅಂಚನ್ನು ಕೊಟ್ಟು ನಡುವನ್ನು ಉಳಿಸಿಕೊಳ್ಳುವ ವ್ಯಾಪಾರ ಇದು. ಹಾಗಾಗಿ ಬೆಲೆಯೂ ಇದೆ. ಪಕ್ಕದ ನೋಟ ಸ್ವಲ್ಪ ಕುಗ್ಗಬಹುದು, ಕತ್ತಲಲ್ಲಿ ನೋಡುವುದು ಕಷ್ಟವಾಗಬಹುದು, ಕೆಲವರಿಗೆ ಮ್ಯಾಕುಲಾದ ಊತ ಕೆಲ ಕಾಲ ಹೆಚ್ಚಾಗಬಹುದು. ಹೋದ ದೃಷ್ಟಿ ಇದರಿಂದ ಮರಳುವುದಿಲ್ಲ. ಇದನ್ನು ಮೊದಲೇ ಬಿಡಿಸಿ ಹೇಳದೆ ಇದ್ದದ್ದು ನಮ್ಮ ಕಡೆಯ ದೊಡ್ಡ ತಪ್ಪು. ಲೇಸರ್ ಅಂದರೆ ಕಣ್ಣು ಸ್ಪಷ್ಟವಾಗುತ್ತೆ ಎಂದುಕೊಂಡು ಬಂದವರಿಗೆ ಆಮೇಲೆ ಮೋಸ ಅನಿಸದೆ ಇರುತ್ತದಾ?

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಹಾಗೆ, ಹಿಂದೆ ಎಷ್ಟೋ ಜನರಿಗೆ ಲೇಸರ್ ಸಿಗುತ್ತಿದ್ದದ್ದೇ ರಕ್ತ ಒಡೆದು, ಗಾಯದ ಪೊರೆ ಎಳೆಯಲು ಶುರುವಾದ ಮೇಲೆ. ಕಣ್ಣು ಆಗಲೇ ಜಾರುತ್ತಿತ್ತು, ಲೇಸರ್ ಅದನ್ನು ಪೂರ್ತಿ ಹಿಡಿಯಲಾಗಲಿಲ್ಲ. ಹೊತ್ತಿಗೆ ಸರಿಯಾಗಿ ಮಾಡಿದರೆ ಲೇಸರ್ ತೀವ್ರ ದೃಷ್ಟಿನಾಶವನ್ನು ಅರ್ಧಕ್ಕಿಂತ ಹೆಚ್ಚು ತಗ್ಗಿಸುತ್ತದೆ ಎಂಬುದು 1970ರ ದಶಕದಲ್ಲೇ ಅಮೆರಿಕದ ದೊಡ್ಡ ಅಧ್ಯಯನದಲ್ಲಿ ಸಾಬೀತಾಗಿದೆ.

ನಿಮ್ಮ ಕಾಲಕ್ಕೆ ದಾರಿಗಳು ಜಾಸ್ತಿ ಇವೆ. ರೆಟಿನಾದಲ್ಲಿ ಏನೂ ಇಲ್ಲದಿದ್ದರೆ ಅಥವಾ ಒಂದೆರಡು ಗುಳ್ಳೆ ಮಾತ್ರ ಇದ್ದರೆ ಕಣ್ಣಿಗೆ ಏನೂ ಮಾಡುವುದಿಲ್ಲ. ಶುಗರ್ ಮತ್ತು ಬಿ.ಪಿ. ಹಿಡಿಯುವುದೇ ಚಿಕಿತ್ಸೆ, ನಿಮ್ಮ ಶುಗರ್ ಬೇಗ ಇಳಿದಿರುವುದರಿಂದ ನಾನಾದರೆ ಮೊದಲ ವರ್ಷ ಆರು ತಿಂಗಳಿಗೇ ಮತ್ತೆ ಕರೆಯುತ್ತೇನೆ. ಮ್ಯಾಕುಲಾದಲ್ಲಿ ಊತ ಇದ್ದರೂ ದೃಷ್ಟಿ ಚೆನ್ನಾಗಿದ್ದರೆ ಕೂಡಲೇ ಸೂಜಿ ಹಿಡಿಯಬೇಕಿಲ್ಲ, ಕಣ್ಣಿಟ್ಟು ಕಾಯಬಹುದು. ಊತದಿಂದ ದೃಷ್ಟಿ ಇಳಿದಿದ್ದರೆ ಈಗ ಮೊದಲ ಆಯ್ಕೆ ಕಣ್ಣಿನೊಳಗಿನ ಇಂಜೆಕ್ಷನ್. ರಾನಿಬಿಜುಮ್ಯಾಬ್, ಅಫ್ಲಿಬರ್ಸೆಪ್ಟ್, ಬೆವಾಸಿಜುಮ್ಯಾಬ್ ಎಂಬ ಹೆಸರುಗಳು ಚೀಟಿಯಲ್ಲಿ ಕಾಣಬಹುದು. ಇವು ವಿಇಜಿಎಫ್‌ನ ಬಾಯಿ ಮುಚ್ಚಿಸುತ್ತವೆ. ಲೇಸರ್‌ಗಿಂತ ಭಿನ್ನವಾಗಿ, ಇವುಗಳಿಂದ ಹೋದ ದೃಷ್ಟಿ ಒಂದಷ್ಟು ವಾಪಸ್ ಬರುವುದುಂಟು.

ಕಣ್ಣಿಗೆ ಸೂಜಿ ಅಂದ ಕೂಡಲೇ ಮೈ ಜುಮ್ಮೆನ್ನುತ್ತದೆ, ಸಹಜ. ಮರಗಟ್ಟಿಸುವ ಹನಿ ಹಾಕಿರುತ್ತಾರೆ, ಒಳಗೆ ಹೋದದ್ದು ಒಂದು ಒತ್ತಿದ ಹಾಗೆ ಅನಿಸುತ್ತದೆ, ಅಷ್ಟೇ. ಮಾರನೇ ದಿನ ಬಿಳಿಭಾಗದಲ್ಲಿ ಕೆಂಪು ಮಚ್ಚೆ ಕಂಡರೆ ಅದು ತಾನಾಗಿ ಹೋಗುತ್ತದೆ. ನಿಜವಾದ ಅಪಾಯ ಕಣ್ಣಿನೊಳಗೆ ಸೋಂಕು. ಸಾವಿರಾರು ಇಂಜೆಕ್ಷನ್‌ಗೆ ಒಂದರಂತೆ ಅಪರೂಪ, ಆದರೆ ಬಂದರೆ ಕಣ್ಣನ್ನೇ ಕಿತ್ತುಕೊಳ್ಳಬಲ್ಲದು. ಇಂಜೆಕ್ಷನ್ ಆದ ಮೊದಲ ವಾರದಲ್ಲಿ ನೋವು ಏರುತ್ತಾ, ದೃಷ್ಟಿ ಇಳಿಯುತ್ತಾ ಹೋದರೆ ಅದೇ ದಿನ ಓಡಬೇಕು. ಇತ್ತೀಚೆಗೆ ಹೃದಯಾಘಾತ ಅಥವಾ ಪಾರ್ಶ್ವವಾಯು ಆಗಿದ್ದರೆ ಮೊದಲೇ ಹೇಳಬೇಕು.

ಇದಕ್ಕಿಂತ ದೊಡ್ಡ ತೊಡಕು ಇಂಜೆಕ್ಷನ್ ಒಂದೇ ಸಲಕ್ಕೆ ಮುಗಿಯುವುದಿಲ್ಲ ಎಂಬುದು. ಊತಕ್ಕೆ ಮೊದಲ ವರ್ಷದಲ್ಲೇ ಎಂಟು ಹತ್ತು ಬೇಕಾಗುವುದು ಸಾಮಾನ್ಯ. ಎರಡು ತೆಗೆದುಕೊಂಡು, ಚೆನ್ನಾಗಿ ಕಾಣತೊಡಗಿತು ಎಂದು ನಿಲ್ಲಿಸಿದರೆ ಊತ ಮರಳುತ್ತದೆ. ಹೊಸ ನಾಳಗಳಿಗೆ ಬರೀ ಇಂಜೆಕ್ಷನ್ ನಂಬಿ, ಆಮೇಲೆ ಬರುವುದನ್ನೇ ಬಿಟ್ಟವರ ಕಣ್ಣು, ಲೇಸರ್ ಮಾಡಿಸಿ ಬರದೆ ಹೋದವರ ಕಣ್ಣಿಗಿಂತ ಕೆಟ್ಟ ಸ್ಥಿತಿಗೆ ಹೋಗಿರುವುದು ದಾಖಲಾಗಿದೆ. ಹಾಗಾಗಿ ನಾನು ಚಿಕಿತ್ಸೆ ಆರಿಸುವಾಗ ರೋಗಿಯ ಕಣ್ಣು ನೋಡಿದಷ್ಟೇ ಅವರ ಬದುಕನ್ನೂ ಕೇಳುತ್ತೇನೆ. ತಿಂಗಳಿಗೊಮ್ಮೆ ಬರಲು ಆಗುತ್ತದಾ? ಕರೆತರುವವರು ಇದ್ದಾರಾ? ಇಲ್ಲವಾದರೆ, ಹೊಸ ನಾಳ ಬೆಳೆದಿರುವ ಕಣ್ಣಿಗೆ ಹಳೆಯ ಲೇಸರ್ ಇಂದಿಗೂ ಹೆಚ್ಚು ಭರವಸೆಯದ್ದು. ನಿಮ್ಮ ಡಾಕ್ಟರ್ ಈ ಪ್ರಶ್ನೆ ಕೇಳದಿದ್ದರೆ ನೀವೇ ಹೇಳಿಬಿಡಿ.

ಇಂಜೆಕ್ಷನ್‌ಗೆ ಜಗ್ಗದ ಊತಕ್ಕೆ ಸ್ಟೀರಾಯ್ಡ್ ಇದೆ, ಅದರಿಂದ ಪೊರೆ ಬೇಗ ಬರಬಹುದು, ಕಣ್ಣಿನ ಒತ್ತಡ ಏರಬಹುದು. ರಕ್ತ ಕರಗದೆ ಉಳಿದರೆ ಅಥವಾ ರೆಟಿನಾ ಎಳೆದುಕೊಂಡರೆ ವಿಟ್ರೆಕ್ಟಮಿ ಎಂಬ ಶಸ್ತ್ರಚಿಕಿತ್ಸೆ. ಅಲ್ಲಿಗೆ ಹೋಗದಂತೆ ನೋಡಿಕೊಳ್ಳುವುದಕ್ಕೇ ಇಷ್ಟೆಲ್ಲ ಬರೆಯುತ್ತಿರುವುದು.

ಬಿ.ಪಿ. ಮಾತು ಬಂತಲ್ಲ. ಶುಗರ್ ಮೀಟರ್ ದಿನಾ ನೋಡುವವರೂ ಬಿ.ಪಿ. ಮರೆಯುತ್ತಾರೆ. ಸೋರುವ ಪೈಪಿನಲ್ಲಿ ಒತ್ತಡ ಹೆಚ್ಚಿಸಿದರೆ ಏನಾಗುತ್ತದೋ ಅದೇ ಇಲ್ಲೂ. ಯುಕೆಪಿಡಿಎಸ್‌ನಲ್ಲಿ ಬಿ.ಪಿ. ಬಿಗಿಯಾಗಿ ಹಿಡಿದವರಲ್ಲಿ ರೆಟಿನೋಪತಿ ಏರುವುದು ಮೂರನೇ ಒಂದು ಭಾಗದಷ್ಟು ಕಡಿಮೆಯಾಗಿತ್ತು. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯಾ ಎಂದೂ ಪರೀಕ್ಷೆ ಮಾಡಿಸಿ, ಕಣ್ಣೂ ಕಿಡ್ನಿಯೂ ಬಹಳ ಸಲ ಒಟ್ಟೊಟ್ಟಿಗೆ ಕೆಡುತ್ತವೆ. ಸಿಗರೇಟ್ ಇದ್ದರೆ ಬಿಡಿ. ಕಣ್ಣಿನ ವ್ಯಾಯಾಮ, ರೆಟಿನಾ ಶುದ್ಧ ಮಾಡುವ ಹನಿ, ದೃಷ್ಟಿ ಮರಳಿಸುವ ಪುಡಿ ಇವುಗಳಿಂದ ರೆಟಿನೋಪತಿ ವಾಸಿಯಾಗುವುದಿಲ್ಲ. ದುಡ್ಡಿಗಿಂತ ಹೆಚ್ಚಾಗಿ ಅವು ತಿನ್ನುವುದು ತಿಂಗಳುಗಳನ್ನು.

ಯಾವಾಗ ಕಾಯಲೇಬಾರದು ಎಂಬುದನ್ನು ಮನೆಯವರಿಗೂ ಹೇಳಿಡಿ. ಕಣ್ಣ ಮುಂದೆ ಇದ್ದಕ್ಕಿದ್ದಂತೆ ಕಪ್ಪು ಚುಕ್ಕೆಗಳು ಮಸಿ ಚೆಲ್ಲಿದ ಹಾಗೆ ತೇಲಿದರೆ, ಮಿಂಚಿದಂತಾದರೆ, ಒಂದು ಕಡೆಯಿಂದ ಪರದೆ ಇಳಿದ ಹಾಗಾದರೆ, ಬಾಗಿಲ ಚೌಕಟ್ಟಿನ ನೇರ ಗೆರೆ ಡೊಂಕಾಗಿ ಕಂಡರೆ, ಕಣ್ಣು ಕೆಂಪಾಗಿ ನೋವಿನ ಜೊತೆ ವಾಂತಿ ಬಂದರೆ ಅದೇ ದಿನ ತೋರಿಸಬೇಕು. ಒಂದು ವಸ್ತು ಎರಡಾಗಿ ಕಂಡರೂ ಅಷ್ಟೇ. ಶುಗರ್‌ನಿಂದ ಕಣ್ಣು ತಿರುಗಿಸುವ ನರ ಸೋಲುವುದುಂಟು, ಅದು ಹೆಚ್ಚಾಗಿ ಮೂರು ತಿಂಗಳಲ್ಲಿ ಸರಿಹೋಗುತ್ತದೆ, ಆದರೆ ಬೇರೆ ಕಾರಣವಿಲ್ಲ ಎಂದು ಡಾಕ್ಟರ್ ಖಚಿತ ಮಾಡಿಕೊಳ್ಳಬೇಕು.

ಗಾಡಿಯ ವಿಷಯ. ಹನಿ ಹಾಕಿಸಿಕೊಂಡ ದಿನ ಬೇಡವೇ ಬೇಡ, ನಾಲ್ಕಾರು ಗಂಟೆ ಬಿಸಿಲು ಕಣ್ಣಿಗೆ ಚುಚ್ಚುತ್ತದೆ, ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ. ಉಳಿದ ದಿನಗಳಲ್ಲಿ, ಮುಂದಿನ ಗಾಡಿಯ ನಂಬರ್ ದೂರದಿಂದಲೇ ಸ್ಪಷ್ಟ ಓದಲು ಬರುವ ತನಕ ಓಡಿಸಬೇಡಿ. ರಾತ್ರಿಯಂತೂ ಸದ್ಯಕ್ಕೆ ಬೇಡ. ನೀವು ಇನ್ಸುಲಿನ್ ಮೇಲೆ ಇರುವುದರಿಂದ ಇನ್ನೊಂದು ಮಾತು ನೆನಪಿಡಿ. ಶುಗರ್ ಅತಿ ಕಡಿಮೆಯಾದರೂ ಕಣ್ಣು ಮಂಜಾಗುತ್ತದೆ. ಮಂಜಿನ ಜೊತೆ ಬೆವರು, ನಡುಕ, ಎದೆಬಡಿತ ಇದ್ದರೆ ಗಾಡಿ ಪಕ್ಕಕ್ಕೆ ನಿಲ್ಲಿಸಿ ಶುಗರ್ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಕನ್ನಡಕ ಒರೆಸುತ್ತಾ ಕೂರಬೇಡಿ, ಗ್ಲೂಕೋಸ್ ಬಾಯಿಗೆ ಹಾಕಿ.

ಕೊನೆಗೆ ಆ ಮೂರನೇ ಕನ್ನಡಕ. ಶುಗರ್ ಹೆಚ್ಚು ಏರಿಳಿತವಿಲ್ಲದೆ ನಿಂತು ಇನ್ನೊಂದು ನಾಲ್ಕು ವಾರ ಕಳೆಯಲಿ. ಆಮೇಲೆ ಪವರ್ ನೋಡಿಸಿ, ಆದರೆ ಅವತ್ತೇ ಮಾಡಿಸಬೇಡಿ. ವಾರ ಹತ್ತು ದಿನ ಬಿಟ್ಟು ಇನ್ನೊಮ್ಮೆ ನೋಡಿಸಿ. ಎರಡೂ ಸಲ ಒಂದೇ ಅಂಕಿ ಬಂದರೆ ಮಾಡಿಸಿ. ಹಳೆಯ ಪ್ಲಸ್ 1.75ರ ಹತ್ತಿರವೇ ಬರುತ್ತದೆ ಎಂಬುದು ನನ್ನ ಊಹೆ. ಅಲ್ಲಿಯವರೆಗೆ ಓದಲು ಯಾವ ಕನ್ನಡಕ ಹೊಂದುತ್ತದೋ ಅದನ್ನೇ ಹಾಕಿ, ತಪ್ಪು ಪವರ್ ಹಾಕಿದರೆ ತಲೆ ನೋಯಬಹುದೇ ಹೊರತು ರೆಟಿನಾ ಕೆಡುವುದಿಲ್ಲ. ಆ ಎರಡು ಹೊಸ ಕನ್ನಡಕ ಎಸೆಯಬೇಡಿ. ಫ್ರೇಮ್ ಚೆನ್ನಾಗಿದ್ದರೆ ಗಾಜು ಮಾತ್ರ ಬದಲಾಯಿಸಿಕೊಳ್ಳಬಹುದು.